ಕೋಲ್ಕತ್ತದ ಚೀನೀ ಬೀದಿಗಳಲ್ಲಿ ಅಗ್ಗದ ಊಟ, ಬೆಳಗಿನ ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲ್ಕತ್ತಕ್ಕೆ ಹೊರಟವರು ವಿಕ್ಟೋರಿಯಾ ಸ್ಮಾರಕ, ದಕ್ಷಿಣೇಶ್ವರ, ಬೇಲೂರು ಮಠ, ಹೌರಾ ಸೇತುವೆ ಎಂದು ಪಟ್ಟಿ ಮಾಡಿಕೊಂಡಿರುತ್ತಾರೆ. ಆ ಪಟ್ಟಿಗೆ ಒಂದು ಮುಂಜಾವನ್ನು ಸೇರಿಸಿ ಎನ್ನುವುದು ನನ್ನ ಒತ್ತಾಯ. ಭಾರತದಲ್ಲಿ ಚೀನೀಯರು ತಲೆತಲಾಂತರದಿಂದ ಬದುಕಿ, ದುಡಿದು, ಪೂಜೆ ಮಾಡಿ, ತಮ್ಮ ಅಡುಗೆಯನ್ನು ನಮ್ಮೆಲ್ಲರ ನಾಲಿಗೆಗೆ ಹತ್ತಿಸಿದ ಬೀದಿಗಳು ಈ ನಗರದಲ್ಲಿವೆ. ಹೊರಡುವ ಮುನ್ನ ಗೆಳೆಯರು, ಬಂಧುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟಿರೆಟ್ಟಾ ಬಜಾರ್, ಟ್ಯಾಂಗ್ರಾ ಎಂದು ಎರಡು ಹೆಸರು ಕೇಳಿಬರುತ್ತವೆ. ನಿಜವಾದ ಚೈನಾಟೌನ್ ಯಾವುದು?

ಎರಡೂ ನಿಜವೇ. ಟಿರೆಟ್ಟಾ ಬಜಾರ್ ಹಳೆಯದು. ನಗರದ ನಡುಮಧ್ಯದಲ್ಲಿ, ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯ ಹಿಂಭಾಗದಲ್ಲಿದೆ. ಸ್ಥಳೀಯರ ಬಾಯಲ್ಲಿ ಅದು ಟೆರಿಟಿ ಬಜಾರ್. ಟ್ಯಾಂಗ್ರಾ ನಗರದ ಪೂರ್ವ ಭಾಗದಲ್ಲಿದೆ. ಚರ್ಮ ಹದಮಾಡುವ ಕೆಲಸಕ್ಕೆ ಇಳಿದ ಹಕ್ಕಾ ಎಂಬ ಚೀನೀ ಸಮುದಾಯದವರು ಇಪ್ಪತ್ತನೇ ಶತಮಾನದಲ್ಲಿ ಕಟ್ಟಿ ಬೆಳೆಸಿದ ಜಾಗ ಅದು.

ತಿನ್ನುವವರ ಲೆಕ್ಕದಲ್ಲಿ ಹೇಳುವುದಾದರೆ ಟಿರೆಟ್ಟಾ ಬೆಳಗಿನದು, ಟ್ಯಾಂಗ್ರಾ ರಾತ್ರಿಯದು. ಕಡಿಮೆ ದುಡ್ಡಿನಲ್ಲಿ ಬೀದಿಯಲ್ಲಿ ನಿಂತು ತಿನ್ನಬೇಕೆಂದರೆ ಟಿರೆಟ್ಟಾಕ್ಕೆ ಹೋಗಿ. ಕುರ್ಚಿಯಲ್ಲಿ ಕುಳಿತು ನಾಲ್ಕಾರು ಮಂದಿ ಹಂಚಿಕೊಂಡು ಉಣ್ಣಬೇಕೆಂದರೆ ಟ್ಯಾಂಗ್ರಾಕ್ಕೆ ಹೋಗಿ. ಒಂದನ್ನೇ ಆರಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ಟಿರೆಟ್ಟಾ ಎನ್ನುತ್ತೇನೆ.

ಚೀನೀಯರು ಕೋಲ್ಕತ್ತಕ್ಕೆ ಬಂದದ್ದು ಯಾವಾಗ, ಏಕೆ?

ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ. ಟಾಂಗ್ ಅಚ್ಯೂ ಎಂಬ ವ್ಯಾಪಾರಿ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಚೀನಾದಿಂದ ಕೆಲಸಗಾರರನ್ನು ಕರೆತಂದ. ಬಜ್‌ಬಜ್ ಹತ್ತಿರದ ಆ ಊರಿಗೆ ಇಂದಿಗೂ ಅವನದೇ ಹೆಸರು: ಅಚ್ಚಿಪುರ. ಕುದುರೆಲಾಳದ ಆಕಾರದ ಅವನ ಕೆಂಪು ಸಮಾಧಿ ನದಿಯ ಪಕ್ಕದಲ್ಲೇ ಇದೆ.

ಅವನು ತೀರಿಕೊಂಡ ಮೇಲೆ ಸಕ್ಕರೆ ಕೆಲಸ ನಿಂತಿತು, ಜನ ನಗರಕ್ಕೆ ಸರಿದರು. ಮುಂದೆ ಹಡಗುಗಳಲ್ಲಿ ಬಂದವರೂ ಬಂದು ಸೇರಿಕೊಂಡರು. ಯಾವ ಸೀಮೆಯಿಂದ ಬಂದರೋ ಆ ಸೀಮೆಗೊಂದು ಕಸುಬು ಎಂಬಂತೆ ಕೆಲಸ ಹಂಚಿಹೋಯಿತು. ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹಕ್ಕಾದವರು ಚರ್ಮ ಮತ್ತು ಚಪ್ಪಲಿ ಹಿಡಿದರು, ಹುಬೈ ಪ್ರಾಂತ್ಯದವರು ಹಲ್ಲಿನ ವೈದ್ಯರಾದರು. ಬೆಂಟಿಂಕ್ ಬೀದಿಯ ಚೀನೀ ಶೂ ಅಂಗಡಿಗಳು ಒಂದು ಕಾಲಕ್ಕೆ ಇಡೀ ಕೋಲ್ಕತ್ತಕ್ಕೆ ಹೆಸರಾಗಿದ್ದವು. ಅಂದಹಾಗೆ, ಬಜಾರಿಗೆ ಹೆಸರು ಕೊಟ್ಟ ಟಿರೆಟ್ಟಾ ಚೀನೀಯನಲ್ಲ. ಎಡ್ವಾರ್ಡೊ ಟಿರೆಟ್ಟಾ ವೆನಿಸ್‌ನಿಂದ ಬಂದು ಕಂಪನಿ ಸರ್ಕಾರದಲ್ಲಿ ಬೀದಿ, ಕಟ್ಟಡಗಳ ಮೇಲ್ವಿಚಾರಕನಾಗಿದ್ದವನು.

ಬೆಳಗಿನ ತಿಂಡಿಗೆ ಎಷ್ಟು ಹೊತ್ತಿಗೆ ಹೋಗಬೇಕು?

ಆರು ಗಂಟೆಗೆ. ಭಾನುವಾರ.

ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಹೋಟೆಲಿನಲ್ಲಿ ಸ್ನಾನ ಮುಗಿಸಿ, ಕಾಫಿ ಕುಡಿದು, ಒಂಬತ್ತಕ್ಕೆ ಅಲ್ಲಿಗೆ ಬಂದು “ಏನೂ ಇಲ್ಲವಲ್ಲ” ಎಂದು ಬೇಸರಪಡುವವರು ಬಹಳ. ಬೆಳಕು ಹರಿಯುವ ಹೊತ್ತಿಗೆ ಪಾತ್ರೆಗಳು ಬೀದಿಗೆ ಬಂದಿರುತ್ತವೆ, ಏಳರ ಸುಮಾರಿಗೆ ಜನ ಕಿಕ್ಕಿರಿಯುತ್ತಾರೆ, ಎಂಟರ ನಂತರ ಒಂದೊಂದಾಗಿ ಪಾತ್ರೆಗಳು ಖಾಲಿಯಾಗುತ್ತವೆ. ಹೆಸರಾದ ತಿನಿಸು ಮೊದಲು ಮುಗಿಯುತ್ತದೆ. ಮುಗಿದರೆ ಮುಗಿಯಿತು, ಮತ್ತೆ ಮಾಡುವುದಿಲ್ಲ. ಮನೆಯಲ್ಲಿ ರಾತ್ರಿಯಿಡೀ ತಯಾರಿಸಿ ತಂದದ್ದು ಅದು. ವಾರದ ಉಳಿದ ದಿನಗಳಲ್ಲೂ ಕೆಲವರು ಕೂರುತ್ತಾರಾದರೂ ಭಾನುವಾರದ ಸಂಭ್ರಮವೇ ಬೇರೆ.

ಅಲ್ಲಿಗೆ ತಲುಪುವುದು ಹೇಗೆ?

ಟ್ಯಾಕ್ಸಿಯವರಿಗೆ “ಪೋದ್ದಾರ್ ಕೋರ್ಟ್” ಎಂದು ಹೇಳಿ. ಆ ದೊಡ್ಡ ಕಟ್ಟಡದ ಹತ್ತಿರ, ಸುನ್ ಯಾತ್ ಸೆನ್ ಬೀದಿಯ ಬದಿಯಲ್ಲಿ ತಿಂಡಿಯ ಸಾಲು ಕೂರುತ್ತದೆ. ಹತ್ತಿರದ ಮೆಟ್ರೊ ನಿಲ್ದಾಣ ಸೆಂಟ್ರಲ್. ಅಲ್ಲಿಂದ ನಡೆದೇ ಹೋಗಬಹುದು. ಆದರೆ ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಹಾಗಾಗಿ ಅದನ್ನು ನಂಬಿಕೊಳ್ಳದೆ ಟ್ಯಾಕ್ಸಿ ಹಿಡಿಯುವುದೇ ಸರಿ. ನಸುಕಿನಲ್ಲಿ ಕೋಲ್ಕತ್ತದ ರಸ್ತೆಗಳು ಖಾಲಿ ಇರುತ್ತವೆ. ಬೆಂಗಳೂರಿನಿಂದ ರೈಲಿನಲ್ಲಿ ಹೌರಾಕ್ಕೆ ಬಂದಿಳಿದವರಿಗೆ ಇದು ಸೇತುವೆ ದಾಟಿದರೆ ಸಿಗುವಷ್ಟು ಹತ್ತಿರ.

ಏನೇನು ಸಿಗುತ್ತದೆ? ಹೆಸರು ಗೊತ್ತಿಲ್ಲದಿದ್ದರೆ ಹೇಗೆ ಕೇಳುವುದು?

ಅಲ್ಲಿ ಮೆನು ಇರುವುದಿಲ್ಲ. ಪಾತ್ರೆಯ ಮುಂದೆ ನಿಂತು ನೋಡಿ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದೇ ವಾಡಿಕೆ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಒಂದರ ಮೇಲೊಂದು ಪೇರಿಸಿದ ಅಲ್ಯೂಮಿನಿಯಂ ಹಬೆಪಾತ್ರೆಗಳು. ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಅಡರುತ್ತದೆ, ಮಾರುವವರು ಕೈಯಾಡಿಸಿ ಅದನ್ನು ಚದುರಿಸಿ ಒಳಗಿನದನ್ನು ತೋರಿಸುತ್ತಾರೆ. ಮೇಲಿನ ತಟ್ಟೆಯಲ್ಲಿ ಮೊಮೊ. ಅದರ ಕೆಳಗೆ ಶೂಮಾಯ್. ಬಾಯಿ ಮುಚ್ಚದೆ ಬಿಟ್ಟ ಪುಟ್ಟ ಹಿಟ್ಟಿನ ಬಟ್ಟಲಿನಲ್ಲಿ ಒತ್ತಿ ತುಂಬಿದ ಕೊಚ್ಚಿದ ಮಾಂಸ. ಇನ್ನೊಂದು ಪಾತ್ರೆಯಲ್ಲಿ ಅಂಗೈಯಗಲದ ಬೆಳ್ಳನೆಯ ಬಾವ್, ಅಂದರೆ ಹಬೆಯಲ್ಲಿ ಬೆಂದ ಬನ್ನು. ಅದನ್ನು ಕೊಂಡ ತಕ್ಷಣ ಕಚ್ಚಬೇಡಿ, ನಾಲಿಗೆ ಸುಡುತ್ತದೆ. ಎರಡು ಹೋಳು ಮಾಡಿ. ಹಿಟ್ಟಿನ ಪದರ ಹತ್ತಿಯಂತೆ ಬಿಟ್ಟುಕೊಳ್ಳುತ್ತದೆ, ಒಳಗಿನ ಹಂದಿಮಾಂಸದ ಹೂರಣದಲ್ಲಿ ಸೋಯಾದ ಉಪ್ಪು, ಸಕ್ಕರೆಯ ಸಿಹಿ, ಈರುಳ್ಳಿ ಸೊಪ್ಪಿನ ವಾಸನೆ ಮೂರೂ ಒಟ್ಟಿಗೆ ಇರುತ್ತವೆ. ಕೋಳಿಮಾಂಸದ್ದೂ ಸಿಗುತ್ತದೆ. ನನ್ನನ್ನು ಕೇಳಿದರೆ, ಮೊಮೊ ಊರೂರಲ್ಲೂ ಸಿಗುವ ಈ ದಿನಗಳಲ್ಲಿ ಹೊಟ್ಟೆಯ ಜಾಗವನ್ನು ಬಾವ್‌ಗೆ ಉಳಿಸಿಕೊಳ್ಳುವುದು ಜಾಣತನ.

ಎರಡನೆಯದು ಮೀನಿನ ಉಂಡೆಗಳ ಸೂಪ್. ನೋಡಲು ಬಿಳಿಯ ನೀರಿನ ಹಾಗೆ ಸಪ್ಪೆಯಾಗಿ ಕಾಣುತ್ತದೆ. ಮೀನನ್ನು ನುಣ್ಣಗೆ ಅರೆದು, ನಾದಿ, ಉಂಡೆ ಕಟ್ಟಿ ತಿಳಿಸಾರಿನಲ್ಲಿ ಬೇಯಿಸಿರುತ್ತಾರೆ; ಕಚ್ಚಿದರೆ ಪುಟಿಯುವಂತಿರಬೇಕು, ಅದೇ ಒಳ್ಳೆಯ ಉಂಡೆಯ ಲಕ್ಷಣ. ಮೇಲೆ ಹೆಚ್ಚಿದ ಸೊಪ್ಪು, ಕಾಳುಮೆಣಸಿನ ಪುಡಿ. ಡಿಸೆಂಬರಿನ ಚಳಿಯಲ್ಲಿ ಬೀದಿಬದಿ ನಿಂತು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯಲು ಇದಕ್ಕಿಂತ ಹಿತವಾದದ್ದು ಆ ಬೀದಿಯಲ್ಲಿಲ್ಲ.

ಇವಲ್ಲದೆ ಸಿಹಿಬೆರೆತ ಒಣ ಚೀನೀ ಸಾಸೇಜ್, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿ, ಸಿಗಡಿ ಹಪ್ಪಳ, ಕೆಲವು ಸಲ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಗಂಟುಗಳು ಕಾಣಸಿಗುತ್ತವೆ. ಈ ಕೊನೆಯದು ಕಂಡರೆ ಬಿಡಬೇಡಿ. ಕರಾವಳಿಯ ಕೊಟ್ಟೆ ಕಡುಬು ತಿಂದು ಬೆಳೆದವರಿಗೆ ಎಲೆ ಬಿಚ್ಚುವಾಗಲೇ ಅದು ನೆಂಟಸ್ತಿಕೆಯ ತಿನಿಸು ಎಂದು ಗೊತ್ತಾಗುತ್ತದೆ, ಒಳಗಿರುವುದು ಮಾಂಸವಾದರೂ. ಪಕ್ಕದಲ್ಲೇ ತರಕಾರಿಯವರು ಬಾಕ್‌ಚಾಯ್, ಸಾಸಿವೆ ಸೊಪ್ಪು ಹರಡಿಕೊಂಡಿರುತ್ತಾರೆ. ಆ ಬೀದಿಯ ಮನೆಗಳವರು ವಾರದ ಸಂತೆ ಮಾಡುವುದೂ ಅಲ್ಲೇ.

ಮಾರುವವರೆಲ್ಲ ಚೀನೀಯರೇ?

ಅಲ್ಲ. ಈಗ ಹಲವು ಪಾತ್ರೆಗಳ ಹಿಂದೆ ಕುಳಿತವರು ಆ ಬಡಾವಣೆಯ ಇತರ ಸಮುದಾಯದವರು. ಇದರಿಂದ ನಿರಾಶರಾಗುವ ಪ್ರವಾಸಿಗರನ್ನು ನೋಡಿದ್ದೇನೆ. ನನಗೆ ಅದರಲ್ಲಿ ಬೇಸರಪಡುವಂಥದ್ದು ಏನೂ ಕಾಣುವುದಿಲ್ಲ. ಒಂದೇ ಬೀದಿಯಲ್ಲಿ ಒಟ್ಟಿಗೆ ಬದುಕಿದವರ ಕೈಗೆ ಅಡುಗೆ ಹತ್ತಿದೆ, ಅದರಿಂದಲೇ ಈ ಭಾನುವಾರದ ಸಾಲು ಉಳಿದಿದೆ. ಆದರೂ ವಯಸ್ಸಾದ ಚೀನೀ ಅಜ್ಜಿಯೊಬ್ಬರು ಒಂದು ಬುಟ್ಟಿ ಇಟ್ಟುಕೊಂಡು ಕುಳಿತಿರುವುದು ಕಂಡರೆ ಮೊದಲು ಅವರಲ್ಲಿ ಕೊಳ್ಳಿ. ಅವರು ತಂದಿರುವುದು ಸ್ವಲ್ಪವೇ, ಬೇರೆಲ್ಲೂ ಸಿಗದಂಥದ್ದು.

ಎಷ್ಟು ಖರ್ಚಾಗುತ್ತದೆ?

ಇಬ್ಬರು ನಾಲ್ಕೈದು ಬಗೆ ಹಂಚಿಕೊಂಡು ಹೊಟ್ಟೆ ತುಂಬ ತಿಂದರೂ ಐನೂರು ರೂಪಾಯಿಯೊಳಗೆ ಮುಗಿಸಬಹುದು. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ ಒಬ್ಬೊಬ್ಬರಲ್ಲಿ ಒಂದೊಂದು ಕೊಳ್ಳಿ. ಚಿಲ್ಲರೆ ಇಟ್ಟುಕೊಂಡಿರಿ, ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆ ಎಲ್ಲರಲ್ಲೂ ಇರುತ್ತದೆಂದು ಎಣಿಸಬೇಡಿ. ಚೌಕಾಸಿ ಬೇಡವೇ ಬೇಡ. ರಾತ್ರಿಯಿಡೀ ಹೂರಣ ಕೊಚ್ಚಿದವರ ಹತ್ತಿರ ಹತ್ತು ರೂಪಾಯಿಗೆ ಎಳೆದಾಡುವುದು ಸರಿಯಲ್ಲ.

ನಾವು ಸಸ್ಯಾಹಾರಿಗಳು. ಹೋಗಿ ಪ್ರಯೋಜನವಿದೆಯೇ?

ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಟಿರೆಟ್ಟಾದ ಬೆಳಗಿನ ಸಾಲು ಮಾಂಸಾಹಾರಿಗಳದ್ದು. ತರಕಾರಿ ಮೊಮೊ ಒಮ್ಮೊಮ್ಮೆ ಸಿಗುತ್ತದೆ, ಆದರೆ ಅದು ಹಂದಿಮಾಂಸದ ಮೊಮೊ ಬೆಂದ ಹಬೆಪಾತ್ರೆಯಲ್ಲೇ ಬೆಂದಿರಬಹುದು. ಸೂಪಿನ ತಿಳಿಸಾರು ಮೀನಿನದೋ ಕೋಳಿಯದೋ ಆಗಿರುತ್ತದೆ. ಇದು ಒಪ್ಪಿಗೆಯಾಗದವರು ಅಲ್ಲೇ ಪೂರಿ ಪಲ್ಯ ಮಾರುವವರ ಹತ್ತಿರ ತಿಂಡಿ ಮುಗಿಸಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು, ಬೀದಿ ಮತ್ತು ಗುಡಿಗಳನ್ನು ನೋಡಬಹುದು. ಅಲ್ಲಿಂದ ಬಡಾಬಜಾರ್ ದೂರವಿಲ್ಲ. ಮಾರವಾಡಿಗಳ ಆ ಪೇಟೆಯಲ್ಲಿ ಬಿಸಿ ಕಚೋರಿ, ಜಿಲೇಬಿ ಧಾರಾಳ, ಅಡುಗೆಮನೆಯೂ ಪೂರ್ತಿ ಸಸ್ಯಾಹಾರಿ.

ಟ್ಯಾಂಗ್ರಾದಲ್ಲಿ ಪರಿಸ್ಥಿತಿ ಸುಲಭ. ತರಕಾರಿ ಹಕ್ಕಾ ನೂಡಲ್ಸ್, ಚಿಲ್ಲಿ ಪನೀರ್, ಅಣಬೆ, ಬೇಬಿಕಾರ್ನ್ ಎಲ್ಲ ಕಡೆಯೂ ಇರುತ್ತವೆ. ಆರ್ಡರ್ ಮಾಡುವಾಗ ಎರಡು ಮಾತು ಬಿಡಿಸಿ ಹೇಳಿ: ಆಯ್ಸ್ಟರ್ (ಚಿಪ್ಪುಮೀನಿನ) ಸಾಸ್ ಬೇಡ, ಕೋಳಿಯ ತಿಳಿಸಾರು ಹಾಕಬೇಡಿ. ಬಾಣಲೆ ಬೇರೆಯೇ ಬೇಕು ಎನ್ನುವವರು ಅದನ್ನೂ ಮೊದಲೇ ಕೇಳಿ. ಕೂತು ಅರ್ಧ ಊಟವಾದ ಮೇಲೆ ಕೇಳಿ ಇರುಸುಮುರುಸು ಮಾಡಿಕೊಳ್ಳುವುದು ಬೇಡ.

ಮಾಂಸ ತಿನ್ನುತ್ತೇವೆ, ಹಂದಿಮಾಂಸ ಮಾತ್ರ ಬೇಡ. ಏನು ಮಾಡುವುದು?

ಪ್ರತಿ ತಿನಿಸಿಗೂ “ಚಿಕನ್?” ಎಂದು ಕೇಳಿ ಖಚಿತಪಡಿಸಿಕೊಂಡು ಕೊಳ್ಳಿ. ಮೀನಿನ ಉಂಡೆ, ಕೋಳಿಯ ಬಾವ್, ಕೋಳಿಯ ಮೊಮೊ ಸಿಗುತ್ತವೆ. ಆದರೆ ಪಾತ್ರೆ, ಚಾಕು ಬೇರೆ ಬೇರೆ ಇರುವುದಿಲ್ಲ. ಹಲಾಲ್ ಪಾಲಿಸುವವರಿಗೆ ನಡೆದುಹೋಗುವಷ್ಟು ದೂರದಲ್ಲಿರುವ ನಾಖುದಾ ಮಸೀದಿಯ ಪಕ್ಕದ ಜಕಾರಿಯಾ ಬೀದಿ ಒಳ್ಳೆಯದು. ಕಬಾಬು, ಶೀರ್ಮಾಲ್ ರೊಟ್ಟಿ, ಹಲ್ವಗಳ ಬೀದಿ ಅದು, ದರವೂ ಹಗುರ.

ಬೀದಿ ಶುಚಿಯಾಗಿರುತ್ತದೆಯೇ?

ಬಡಾವಣೆ ಹಳೆಯದು, ಕಸದ ರಾಶಿ ಕಾಣುತ್ತದೆ, ಪಕ್ಕದಲ್ಲೇ ಮೀನು ಮಾಂಸ ಕತ್ತರಿಸುತ್ತಿರುತ್ತಾರೆ. ತಿನಿಸು ಮಾತ್ರ ಆಗತಾನೇ ಹಬೆಯಿಂದ ಇಳಿದದ್ದು. ಬಿಸಿಯಿದ್ದದ್ದನ್ನೇ ತಿನ್ನಿ, ನೀರಿನ ಬಾಟಲಿ ನಿಮ್ಮದೇ ಇರಲಿ, ಕೂರಲು ಜಾಗ ಸಿಗುವುದಿಲ್ಲವೆಂದು ತಿಳಿದು ಹೋಗಿ. ಶೌಚಾಲಯದ ಅನುಕೂಲ ಕಡಿಮೆ. ಹೋಟೆಲಿನಿಂದಲೇ ಮುಗಿಸಿಕೊಂಡು ಹೊರಡಿ.

ಯಾವ ಭಾಷೆಯಲ್ಲಿ ಮಾತಾಡುವುದು?

ಹಿಂದಿ ಸಾಕು. ಅಲ್ಲಿನ ಚೀನೀಯರು ಬಂಗಾಳಿ, ಹಿಂದಿ ಎರಡನ್ನೂ ನಿರರ್ಗಳವಾಗಿ ಆಡುತ್ತಾರೆ. ಇಂಗ್ಲಿಷ್ ಬಲ್ಲವರೂ ಬಹಳ. ಗಂಡಸರನ್ನು ದಾದಾ, ಹೆಂಗಸರನ್ನು ದೀದಿ ಎಂದು ಕರೆಯುವುದು ಆ ಊರಿನ ರೂಢಿ. ವಯಸ್ಸಾದವರನ್ನು ಅಂಕಲ್, ಆಂಟಿ ಎಂದರೆ ಆಯಿತು. ಅವರನ್ನು “ನೀವು ಯಾವ ದೇಶದವರು” ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅವರ ಮುತ್ತಜ್ಜ ಹುಟ್ಟಿದ್ದೂ ಅದೇ ಓಣಿಯಲ್ಲಿರಬಹುದು.

ಫೋಟೊ ತೆಗೆಯಬಹುದೇ?

ಪಾತ್ರೆ, ತಿನಿಸು, ಬೀದಿಗೆ ಅಡ್ಡಿಯಿಲ್ಲ. ಮನುಷ್ಯರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ, ಅದಕ್ಕೂ ಮೊದಲು ಏನಾದರೂ ಕೊಳ್ಳಿ. ಏನನ್ನೂ ಕೊಳ್ಳದೆ ಗುಂಪುಕಟ್ಟಿಕೊಂಡು ಬಂದು ಒಬ್ಬ ಅಜ್ಜಿಯ ಮುಂದೆ ನಾಲ್ಕಾರು ಕ್ಯಾಮೆರಾ ಹಿಡಿದು ನಿಲ್ಲುವುದು ಭಾನುವಾರಗಳಲ್ಲಿ ಹೆಚ್ಚಾಗಿದೆ. ಗಿರಾಕಿಗಳಿಗೆ ದಾರಿಯೇ ಇರುವುದಿಲ್ಲ. ಗುಡಿಯೊಳಗೆ ಉಸ್ತುವಾರಿ ಇರುವವರ ಅನುಮತಿ ಬೇಕು.

ತಿಂಡಿ ಮುಗಿದ ಮೇಲೆ ಏನು ನೋಡಬೇಕು?

ಇಲ್ಲಿಂದಲೇ ನಿಜವಾದ ಸುತ್ತಾಟ ಶುರು. ಎಂಟು ಗಂಟೆಗೆ ಟ್ಯಾಕ್ಸಿ ಹತ್ತಿ ಹೊರಟುಬಿಡುವವರು ಅರ್ಧಕ್ಕೇ ಎದ್ದುಹೋದಂತೆ.

ಮೊದಲು ಗುಡಿಗಳು. ಕೋಲ್ಕತ್ತದಲ್ಲಿ ಚೀನೀ ಗುಡಿಗಳನ್ನು ಚರ್ಚ್ ಎಂದೇ ಕರೆಯುತ್ತಾರೆ. ಫಲಕದಲ್ಲೂ ಹಾಗೆಯೇ ಇರುತ್ತದೆ, ಶಿಲುಬೆ ಹುಡುಕಬೇಡಿ. 1905ರ ಸೀ ಇಪ್ ಚರ್ಚ್ ಕರುಣೆಯ ದೇವತೆ ಗ್ವಾನ್‌ಯಿನ್‌ಳದು. ಬ್ಲ್ಯಾಕ್‌ಬರ್ನ್ ಓಣಿಯ ಟೂಂಗ್ ಆನ್ ಚರ್ಚ್ ಯುದ್ಧವೀರ ಗ್ವಾನ್‌ಯುವಿನದು. ಪ್ರತಿಯೊಂದು ಗುಡಿಯೂ ಒಂದೊಂದು ಸೀಮೆಯಿಂದ ಬಂದವರ ಸಂಘದ ಮನೆಯೂ ಹೌದು. ಹೊಸದಾಗಿ ಹಡಗಿಳಿದವನಿಗೆ ಉಳಿಯಲು ಜಾಗ, ಕೆಲಸ, ಸತ್ತರೆ ಸಂಸ್ಕಾರ ಎಲ್ಲವನ್ನೂ ನೋಡಿಕೊಂಡದ್ದು ಈ ಸಂಘಗಳು. ಆದ್ದರಿಂದಲೇ ಗುಡಿಯ ಅಂಗಳದಲ್ಲಿ ಹಿರಿಯರು ಮಾಜಾಂಗ್ ಆಡುತ್ತ ಕುಳಿತಿರುವುದು ಕಾಣುತ್ತದೆ. ಆಟದ ಬಿಲ್ಲೆಗಳು ಮೇಜಿನ ಮೇಲೆ ಟಕಟಕ ಎನ್ನುವುದು ಹೊರಗಿನ ಓಣಿಯವರೆಗೂ ಕೇಳುತ್ತದೆ.

ಒಳಗೆ ಹೋದರೆ ದೇವರ ಮುಂದಿನ ಮರದ ಕೆತ್ತನೆಯನ್ನು ನಿಧಾನವಾಗಿ ನೋಡಿ. ಕ್ಯಾಂಟನ್ ಬಡಗಿಗಳ ಪರಂಪರೆ ಎಂಥದ್ದೆಂದು ಅಲ್ಲಿ ಅರ್ಥವಾಗುತ್ತದೆ. ಚಿನ್ನದ ಬಣ್ಣ ಬಳಿದ ಹಲಗೆಯಲ್ಲಿ ಯೋಧರು, ಕುದುರೆಗಳು, ಮಹಡಿಮನೆಗಳು ಒಂದರ ಬೆನ್ನಿಗೊಂದು ನೆರೆದಿರುತ್ತವೆ. ಪಕ್ಕದಲ್ಲಿ ಊದಿನಕಡ್ಡಿಯ ಬೂದಿ ತುಂಬಿದ ಪಾತ್ರೆ, ಶಕುನ ಕೇಳುವ ಬಿದಿರು ಕಡ್ಡಿಗಳ ಡಬ್ಬಿ.

ಟೂಂಗ್ ಆನ್ ಕಟ್ಟಡದ ಕೆಳ ಅಂತಸ್ತಿನಲ್ಲಿ 1924ರಲ್ಲಿ ನಾನ್‌ಕಿಂಗ್ ಎಂಬ ರೆಸ್ಟೋರೆಂಟ್ ಶುರುವಾಗಿತ್ತು. ಕೋಲ್ಕತ್ತದ ಸಿರಿವಂತರು, ಸಿನಿಮಾ ತಾರೆಯರು ಅಲ್ಲಿಗೆ ಬರುತ್ತಿದ್ದರು. ಅದು ಮುಚ್ಚಿ ದಶಕಗಳಾದವು. ಕೆಂಪು ಇಟ್ಟಿಗೆಯ ಆ ಕಟ್ಟಡದ ಮುಂದೆ ನಿಂತರೆ ಈ ಬಡಾವಣೆ ಒಂದು ಕಾಲಕ್ಕೆ ಯಾವ ಎತ್ತರದಲ್ಲಿತ್ತು ಎಂಬ ಅಂದಾಜು ಸಿಗುತ್ತದೆ.

ಕಾಲಲ್ಲಿ ಇನ್ನೂ ಕಸುವಿದ್ದರೆ ಅಲ್ಲಿಂದ ನಡೆದು ಹೋಗಬಹುದಾದ್ದು ಬಹಳ ಇದೆ. ನಗರದ ಅತಿ ಹಳೆಯ ಚರ್ಚ್ ಎನಿಸಿದ 1724ರ ಆರ್ಮೇನಿಯನ್ ಚರ್ಚ್, ಪೋರ್ಚುಗೀಸರ ಚರ್ಚ್, 1884ರ ಮ್ಯಾಗನ್ ಡೇವಿಡ್ ಯೆಹೂದಿ ಮಂದಿರ, ಪಾರ್ಸಿಗಳ ಅಗ್ನಿಮಂದಿರ, ಆಂಗ್ಲೊ-ಇಂಡಿಯನ್ನರ ಬೋ ಬ್ಯಾರಕ್ಸ್ ಎಲ್ಲವೂ ಸುತ್ತಮುತ್ತಲೇ ಇವೆ. ಬಂಗಾಳಿಗಳು, ಚೀನೀಯರು, ಯೆಹೂದಿಗಳು, ಆರ್ಮೇನಿಯನ್ನರು ಮಗ್ಗುಲು ಮಗ್ಗುಲಾಗಿ ಅಂಗಡಿ ಇಟ್ಟುಕೊಂಡಿದ್ದ ಇಂಥ ಒಂದು ಚೌಕ ಭಾರತದ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

ಮಧ್ಯಾಹ್ನದ ಊಟಕ್ಕೆ ಅಲ್ಲೇ ಎಲ್ಲಾದರೂ ಕುಳಿತು ತಿನ್ನಬಹುದೇ?

ಬಹುದು. ಪೋದ್ದಾರ್ ಕೋರ್ಟ್ ಹಿಂದಿನ ಛಾತಾವಾಲಾ ಓಣಿಯಲ್ಲಿ ಟುಂಗ್ ನಾಮ್ ಎಂಬ ಚಿಕ್ಕ, ಆಡಂಬರವಿಲ್ಲದ ಹೋಟೆಲಿದೆ. ಗಣೇಶಚಂದ್ರ ಅವೆನ್ಯೂದಲ್ಲಿ ಪೆಟ್ರೋಲ್ ಬಂಕ್ ಮೇಲಿನ ಮಹಡಿಯಲ್ಲಿ ಇರುವ ಯೌ ಚ್ಯೂ ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು. ಅಲ್ಲಿನ ಚಿಮ್ನಿ ಸೂಪ್ ಹೆಸರುವಾಸಿ. ನಡುವೆ ಕೆಂಡ ತುಂಬಿದ ಕೊಳವೆಯಿರುವ ಪಾತ್ರೆಯಲ್ಲಿ ಸೂಪು ಮೇಜಿನ ಮೇಲೂ ಕುದಿಯುತ್ತಿರುತ್ತದೆ. ಅದನ್ನು ಬಯಸುವವರು ಮೊದಲೇ ಫೋನ್ ಮಾಡಿ ಹೇಳಬೇಕು.

ಟ್ಯಾಂಗ್ರಾ ಹೇಗಿದೆ? ಅಲ್ಲೂ ಬೀದಿ ತಿಂಡಿ ಸಿಗುತ್ತದೆಯೇ?

ಟ್ಯಾಂಗ್ರಾದಲ್ಲಿ ನೋಡುವುದು ಬೀದಿಯಲ್ಲ, ಅಂಗಳ. ಎತ್ತರದ ಗೋಡೆ, ಕಬ್ಬಿಣದ ದೊಡ್ಡ ಗೇಟು, ಒಳಗೆ ಚರ್ಮ ಹದಮಾಡುವ ಕಾರ್ಖಾನೆ, ಅದರ ಮೇಲೆಯೇ ಮನೆ: ಹಕ್ಕಾ ಕುಟುಂಬಗಳು ಬದುಕಿದ್ದು ಹೀಗೆ. ನಗರದೊಳಗಿನ ಈ ಕಾರ್ಖಾನೆಗಳನ್ನು ಮಾಲಿನ್ಯದ ಕಾರಣಕ್ಕೆ ಸ್ಥಳಾಂತರಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. ಕೆಲವರು ಬಂತಲಾದ ಹೊಸ ಚರ್ಮೋದ್ಯಮ ಸಂಕೀರ್ಣಕ್ಕೆ ಹೋದರು, ಹಲವರು ಕಸುಬನ್ನೇ ಬಿಟ್ಟರು. ಅಡುಗೆ ಮೊದಲಿನಿಂದ ಕೈಯಲ್ಲಿತ್ತು. ಕಾರ್ಖಾನೆಯ ಜಾಗ ಊಟದ ಸಭಾಂಗಣವಾಯಿತು. ಇಂದು ಬೀಜಿಂಗ್, ಕಿಮ್ ಲಿಂಗ್, ಗೋಲ್ಡನ್ ಜಾಯ್, ಕಾಫುಲಾಕ್ ಎಂದೆಲ್ಲ ಹೆಸರಾಗಿರುವ ಹೋಟೆಲುಗಳು ಇರುವ ನೆಲ ಇದು.

ಟಿರೆಟ್ಟಾದ ದರಕ್ಕೆ ಹೋಲಿಸಿದರೆ ಇಲ್ಲಿ ದುಬಾರಿ. ಆದರೆ ಒಂದು ತಟ್ಟೆ ಇಬ್ಬರು ಮೂವರಿಗೆ ಸಾಕಾಗುವಷ್ಟು ದೊಡ್ಡದು. ನಾಲ್ಕಾರು ಮಂದಿ ಹೋದರೆ ಅಗ್ಗ, ಒಬ್ಬರೇ ಹೋದರೆ ನಷ್ಟ. ಅಡುಗೆಯ ರುಚಿ ಚೀನಾದ್ದೂ ಅಲ್ಲ, ಬಂಗಾಳದ್ದೂ ಅಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ ಮೂರನ್ನೂ ಜೋರು ಬೆಂಕಿಯಲ್ಲಿ ಹುರಿದ ಆ ಖಾರದ ರುಚಿಯನ್ನು ಭಾರತಕ್ಕೆಲ್ಲ ಹಂಚಿದ್ದು ಈ ನಗರದ ಚೀನೀಯರು. ಚಿಲ್ಲಿ ಚಿಕನ್ ತಿನ್ನುವುದಾದರೆ ಗೊಜ್ಜಿಲ್ಲದ ಒಣ ಬಗೆಯನ್ನು ಕೇಳಿ. ಮಸಾಲೆ ಮಾಂಸಕ್ಕೆ ಅಂಟಿಕೊಂಡಿರುತ್ತದೆ, ಮೆಕ್ಕೆಜೋಳದ ಹಿಟ್ಟಿನ ಮಂದ ಗೊಜ್ಜಿನಲ್ಲಿ ಮುಳುಗಿ ಕಳೆದುಹೋಗುವುದಿಲ್ಲ.

ಸೈನ್ಸ್ ಸಿಟಿ ಕಡೆಯಿಂದ ಟ್ಯಾಕ್ಸಿ ಅಥವಾ ಆಟೊದಲ್ಲಿ ಹೋಗುವುದು ಸುಲಭ. ಸಂಜೆ ಹೋದರೆ ಮರಳಿ ಬರುವ ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ; ಒಳ ಓಣಿಗಳಲ್ಲಿ ರಾತ್ರಿ ಬೇಗ ಜನಸಂಚಾರ ಇಳಿಯುತ್ತದೆ.

ಟ್ಯಾಂಗ್ರಾದ ಕಾಳಿಗೆ ನೂಡಲ್ಸ್ ನೈವೇದ್ಯ ಮಾಡುತ್ತಾರೆ ಎನ್ನುವುದು ನಿಜವೇ?

ನಿಜ. ಮಠೇಶ್ವರತಲಾ ರಸ್ತೆಯ ಚೀನೀ ಕಾಳಿ ಗುಡಿಯಲ್ಲಿ ನೂಡಲ್ಸ್, ಚಾಪ್ ಸೂಯ್ ಪ್ರಸಾದವಾಗುತ್ತವೆ. ಮೊದಲು ಅಲ್ಲಿ ಮರದಡಿಯಲ್ಲಿ ಸಿಂಧೂರ ಹಚ್ಚಿದ ಕಲ್ಲುಗಳಿದ್ದವಂತೆ. ಕಾಯಿಲೆಬಿದ್ದ ಚೀನೀ ಹುಡುಗನೊಬ್ಬನನ್ನು ಅಲ್ಲಿ ಮಲಗಿಸಿ ಬೇಡಿಕೊಂಡಾಗ ಗುಣವಾಯಿತು, ಅಂದಿನಿಂದ ಚೀನೀಯರೂ ನಡೆದುಕೊಳ್ಳತೊಡಗಿದರು ಎಂಬುದು ಅಲ್ಲಿಯವರು ಹೇಳುವ ಕಥೆ. ಪೂಜೆಗೆ ಬಂಗಾಳಿ ಪುರೋಹಿತರು. ಊದಿನಕಡ್ಡಿ, ಸುಡುವ ಕಾಗದ ಚೀನೀ ಪದ್ಧತಿಯವು. ಕಾಳಿಪೂಜೆಯ ರಾತ್ರಿ, ಅಂದರೆ ನಮ್ಮ ದೀಪಾವಳಿ ಅಮಾವಾಸ್ಯೆಯಂದು, ಹೋದರೆ ಬಂಗಾಳಿಗಳು, ಚೀನೀಯರು ಇಬ್ಬರೂ ಒಟ್ಟಿಗೆ ಕೈಮುಗಿದು ನಿಂತಿರುವುದನ್ನು ಕಾಣಬಹುದು.

ಚೀನೀ ಜನಸಂಖ್ಯೆ ಇಷ್ಟು ಕಡಿಮೆಯಾದದ್ದು ಏಕೆ?

ಇದನ್ನು ತಿಳಿಯದೆ ಆ ಬೀದಿಯಲ್ಲಿ ತಿಂದುಬರುವುದು ನನಗೆ ಸರಿಕಾಣುವುದಿಲ್ಲ. 1962ರ ಯುದ್ಧದ ಹೊತ್ತಿಗೆ ಭಾರತದಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರ ಮೇಲೂ ಸಂಶಯ ಬಿತ್ತು. ಸುಮಾರು ಮೂರು ಸಾವಿರ ಮಂದಿಯನ್ನು, ಮಕ್ಕಳು ಮುದುಕರೆನ್ನದೆ, ವಿಚಾರಣೆಯಿಲ್ಲದೆ ರಾಜಸ್ಥಾನದ ದೇವಳಿ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಲಾಯಿತು. ಅವರಲ್ಲಿ ಬಹುಪಾಲು ಅಸ್ಸಾಂ, ಬಂಗಾಳದ ಕಡೆಯವರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಮರಳಿ ಬಂದಾಗ ಮನೆ, ಅಂಗಡಿ ಬೇರೆಯವರ ಪಾಲಾಗಿತ್ತು. ಹೊರಗೇ ಉಳಿದವರಿಗೂ ಪೊಲೀಸರ ಬಳಿ ಹಾಜರಿ, ಊರು ಬಿಡಲು ಅನುಮತಿ, ಕೆಲಸ ಹೋಗುವ ಭಯ.

ನಂಬಿಕೆ ಮುರಿದ ಮೇಲೆ ಕುಟುಂಬಗಳು ಹೊರಡತೊಡಗಿದವು: ಕೆನಡಾ, ಆಸ್ಟ್ರೇಲಿಯಾ, ಹಾಂಗ್‌ಕಾಂಗ್, ತೈವಾನ್. ಚರ್ಮೋದ್ಯಮ ಹೋದದ್ದು ಎರಡನೇ ಏಟು. ಹತ್ತಾರು ಸಾವಿರವಿದ್ದ ಸಮುದಾಯ ಈಗ ಕೆಲವೇ ಸಾವಿರಕ್ಕೆ ಇಳಿದಿದೆ. ಟ್ಯಾಂಗ್ರಾದಿಂದ ಪ್ರಕಟವಾಗುತ್ತಿದ್ದ ಚೀನೀ ಭಾಷೆಯ ದಿನಪತ್ರಿಕೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಟೊರಾಂಟೊದಲ್ಲಿರುವ ಕನ್ನಡಿಗರು ಹಕ್ಕಾ ರೆಸ್ಟೋರೆಂಟ್ ಎಂಬ ಫಲಕ ನೋಡಿರುತ್ತೀರಿ. ಅಲ್ಲಿ ಸಿಗುವ ಚಿಲ್ಲಿ ಚಿಕನ್, ಹಕ್ಕಾ ನೂಡಲ್ಸ್ ಹೊತ್ತೊಯ್ದದ್ದು ಕೋಲ್ಕತ್ತ ಬಿಟ್ಟುಹೋದ ಇವೇ ಕುಟುಂಬಗಳು. ಹಾಗೆಂದು ಕೋಲ್ಕತ್ತದಲ್ಲಿ ಉಳಿದವರ ಮುಂದೆ 1962ರ ಮಾತು ತೆಗೆಯಲು ಆತುರಪಡಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ನಮ್ಮ ಗೋಬಿ ಮಂಚೂರಿ ಇಲ್ಲಿಂದಲೇ ಬಂದದ್ದೇ?

ಸುತ್ತುಬಳಸಿ, ಹೌದು. ಮಂಚೂರಿಯನ್ ಎಂಬ ಖಾದ್ಯವನ್ನು 1970ರ ದಶಕದಲ್ಲಿ ಮುಂಬೈನಲ್ಲಿ ರೂಪಿಸಿದವರೆಂದು ಹೆಸರಾದ ನೆಲ್ಸನ್ ವಾಂಗ್ ಹುಟ್ಟಿದ್ದು ಕೋಲ್ಕತ್ತದಲ್ಲಿ. ಅವರು ಮಾಡಿದ್ದು ಕೋಳಿಯದು. ಕೋಳಿಯ ಜಾಗಕ್ಕೆ ಹೂಕೋಸು ಬಂದು, ಅದು ಕರ್ನಾಟಕದ ಪ್ರತಿ ಸರ್ಕಲ್ಲಿನ ತಳ್ಳುಗಾಡಿಗೂ ಏರಿತು. ನಮ್ಮಲ್ಲಿ ಅದರ ಕೆಂಪು ಎಷ್ಟು ಅತಿಯಾಯಿತೆಂದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಟಿರೆಟ್ಟಾದ ಬೆಳಗಿನ ಸಾಲಿನಲ್ಲಿ ಮಂಚೂರಿ ಹುಡುಕಬೇಡಿ, ಅದು ಅಲ್ಲಿನ ತಿನಿಸಲ್ಲ. ಟ್ಯಾಂಗ್ರಾದಲ್ಲಿ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ನಡು ಕೋಲ್ಕತ್ತದ ಓಣಿಗಳಲ್ಲಿ ನೀರು ನಿಲ್ಲುತ್ತದೆ. ಚೀನೀ ಹೊಸ ವರ್ಷ ಜನವರಿ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ಯಾವುದಾದರೂ ದಿನ ಬೀಳುತ್ತದೆ. ಆಗ ಎರಡೂ ಬಡಾವಣೆಗಳಲ್ಲಿ ಡೋಲು ಬಾರಿಸುತ್ತ ಸಿಂಹನೃತ್ಯದ ತಂಡಗಳು ಮನೆಮನೆಗೆ ಹೋಗುತ್ತವೆ. ಹೊಸ ವರ್ಷದ ನಂತರದ ದಿನಗಳಲ್ಲಿ ಕುಟುಂಬಗಳು ಅಚ್ಚಿಪುರಕ್ಕೆ ಹೋಗಿ ಅಚ್ಯೂನ ಸಮಾಧಿಗೆ ಊದಿನಕಡ್ಡಿ, ಹಣ್ಣು, ಊಟ ಅರ್ಪಿಸುತ್ತವೆ.

ಪುಟ್ಟ ಮಕ್ಕಳು, ವಯಸ್ಸಾದ ತಂದೆತಾಯಿ ಜತೆಗಿದ್ದರೆ?

ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಹೆಚ್ಚು ಹೊತ್ತು ನಿಲ್ಲಲಾರದ ಹಿರಿಯರಿಗೆ ಟ್ಯಾಂಗ್ರಾದ ಊಟವೇ ಅನುಕೂಲ.

ಬರುವಾಗ ಏನು ಕೊಂಡು ತರಬಹುದು?

ಸಾಸ್. 1958ರಿಂದ ಕೋಲ್ಕತ್ತದಲ್ಲೇ ತಯಾರಿಸುತ್ತಿರುವ ಪೌ ಚಾಂಗ್ ಕಂಪನಿಯ ಹಸಿಮೆಣಸಿನಕಾಯಿ ಸಾಸ್ ಬಂಗಾಳದ ರೋಲ್ ಅಂಗಡಿಗಳಿಗೆಲ್ಲ ಚಿರಪರಿಚಿತ. ಸೂಪರ್‌ಮಾರ್ಕೆಟ್ಟಿನ ಸಿಹಿ ಸಾಸ್‌ಗಳ ಹಾಗಲ್ಲ. ಮೆಣಸಿನಕಾಯಿಯ ಹಸಿವಾಸನೆ, ಹುಳಿ, ಖಾರ ಮೂರೂ ನೇರವಾಗಿ ತಾಕುತ್ತವೆ. ಸೋಯಾ ಸಾಸ್, ಅಕ್ಕಿ ನೂಡಲ್ಸ್, ಒಣ ಅಣಬೆ, ಸಾಸೇಜ್‌ಗಳೂ ಈ ಬಡಾವಣೆಗಳ ಅಂಗಡಿಗಳಲ್ಲಿ ಸಿಗುತ್ತವೆ. ಗಾಜಿನ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯ ನಡುವೆ ಇಟ್ಟು, ವಿಮಾನದಲ್ಲಿ ಬರುವವರು ಚೆಕ್-ಇನ್ ಸಾಮಾನಿಗೆ ಹಾಕಿ. ಕೈಚೀಲದಲ್ಲಿದ್ದರೆ ತಪಾಸಣೆಯವರು ತೆಗೆಸಿಬಿಡುತ್ತಾರೆ. ರೈಲಿನವರಿಗೆ ಆ ತೊಂದರೆಯಿಲ್ಲ, ನಾಲ್ಕು ಬಾಟಲಿ ಹೆಚ್ಚಿಗೇ ತನ್ನಿ.